ವರದಿಯಲ್ಲಿ ಗುರುತಿಲ್ಲದ ತಾಣ: ಅಕೌಂಟಬಿಲಿಟಿ ಆ್ಯಪ್‌ಗಳ ಪಟ್ಟಿಯನ್ನು ಎಷ್ಟು ನಂಬಬಹುದು?

ನಮ್ಮ ಇಂಟರ್ನೆಟ್ ಬಳಕೆಯ ವರದಿಯನ್ನು ಆಪ್ತರೊಬ್ಬರಿಗೆ ಕಳಿಸುವ ಅಕೌಂಟಬಿಲಿಟಿ ಆ್ಯಪ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸಾಧನ ಸಂಪರ್ಕಿಸಿದ ಡೊಮೇನ್‌ಗಳನ್ನು, ಅಂದರೆ ತಾಣಗಳ ವಿಳಾಸದ ಹೆಸರುಗಳನ್ನು, ಪಟ್ಟಿ ಮಾಡುವುದು ಒಂದು, ಪರದೆಯ ಚಿತ್ರ ತೆಗೆದು ಮಸುಕು ಮಾಡಿ ಕಳಿಸುವುದು ಇನ್ನೊಂದು. 2000ರಲ್ಲಿ ಶುರುವಾದ ಕವನೆಂಟ್ ಐಸ್ ಎಂಬ ಇಂಥ ಸೇವೆ ಬಹುಕಾಲ ಪಟ್ಟಿಯನ್ನೇ ನೆಚ್ಚಿಕೊಂಡು, 2019ರಲ್ಲಿ ಪರದೆ ಚಿತ್ರಗಳತ್ತ ಹೊರಳಿತು. ಆ ನಿರ್ಧಾರ ಸರಿ. ಪಟ್ಟಿ ಹೇಳುವುದು ‘ಸಾಧನ ಈ ಸರ್ವರನ್ನು ಕೇಳಿತು’ ಎಂದಷ್ಟೇ. ‘ಇವರು ಇದನ್ನು ನೋಡಿದರು’ ಎಂದು ಓದಿಕೊಂಡರೆ ನಿರಪರಾಧಿಯ ಮೇಲೆ ಗೂಬೆ ಕೂರಿಸಿದಂತೆ.

ಒಂದು ಸುದ್ದಿ ಪುಟ ತೆರೆದರೂ ಹತ್ತಾರು ಸರ್ವರ್‌ಗಳಿಗೆ ಕರೆ ಹೋಗುತ್ತದೆ. ಡಬಲ್‌ಕ್ಲಿಕ್ ಜಾಹೀರಾತಿನದು, ಕ್ಲೌಡ್‌ಫ್ರಂಟ್, ಅಕಮೈ ಚಿತ್ರ-ವಿಡಿಯೊ ಹಂಚುವ ಜಾಲಗಳು, ಜಿಸ್ಟ್ಯಾಟಿಕ್ ಗೂಗಲ್‌ನದು. ಜಾಹೀರಾತಿನ ಜಾಗ ಪುಟ ತೆರೆಯುವ ಕ್ಷಣದಲ್ಲೇ ಹರಾಜಾಗುವುದರಿಂದ, ಗೆದ್ದ ಜಾಹೀರಾತು ಎಲ್ಲಿಂದ ಬರುತ್ತದೋ ಪುಟದ ಮಾಲೀಕರಿಗೂ ಮೊದಲೇ ಗೊತ್ತಿರುವುದಿಲ್ಲ. ಇಮೇಲ್‌ನೊಳಗಿನ ಚಿತ್ರ, ಬ್ರೌಸರ್ ಎಕ್ಸ್‌ಟೆನ್ಷನ್, ಕಿಟಕಿಯ ಹಿಂದೆ ತೆರೆಯುವ ಪಾಪ್-ಅಂಡರ್ ಕೂಡ ವರದಿಗೆ ಸಾಲು ಸೇರಿಸುತ್ತವೆ. ಕ್ಲಿಕ್ ಮಾಡುವ ಮೊದಲೇ ಪುಟ ತಂದಿಟ್ಟುಕೊಳ್ಳುವ ಪ್ರಿಲೋಡ್ ಇನ್ನೂ ಮೋಸದ್ದು: ಬ್ರೌಸರ್‌ನಲ್ಲಿ ವಿಳಾಸ ಬರೆಯುವ ಜಾಗದಲ್ಲಿ ನಾಲ್ಕಕ್ಷರ ಒತ್ತಿದ್ದಕ್ಕೇ ತೆರೆಯದ ತಾಣ ವರದಿಗೆ ಬರಬಹುದು.

ಸಾಧನದ ಇಂಟರ್ನೆಟ್ ಸಂಚಾರವನ್ನು ತಮ್ಮ ಮೂಲಕ ಹಾಯಿಸುವ ವಿಪಿಎನ್ ಬಗೆಯ ಆ್ಯಪ್‌ಗಳಿಗೆ, ಪುಟದ ವಿವರವನ್ನು ಗೂಢಲಿಪಿಯಲ್ಲಿ ಮುಚ್ಚುವ ಎಚ್‌ಟಿಟಿಪಿಎಸ್‌ನಿಂದಾಗಿ ಸಾಮಾನ್ಯವಾಗಿ ಡೊಮೇನ್ ಹೆಸರಷ್ಟೇ ಕಾಣುತ್ತದೆ, ಯಾವ ಪುಟ ಎಂಬುದು ಕಾಣದು. ಹಾಗಾಗಿ ರೆಡ್ಡಿಟ್‌ನಲ್ಲಿ ತೋಟಗಾರಿಕೆ ಓದಿದರೂ ಆ್ಯಪ್ ಇಡೀ ತಾಣಕ್ಕೆ ಕೊಟ್ಟ ರೇಟಿಂಗೇ ಅಂಟಿಕೊಳ್ಳುತ್ತದೆ.

ಅನುಮಾನದ ಸಾಲು ಕಂಡರೆ ಮೊದಲು ಸಮಯ ನೋಡಿ. ಒಂದೆರಡು ಸೆಕೆಂಡಿನಲ್ಲಿ ಇಪ್ಪತ್ತು ಹೆಸರು ಒಟ್ಟಿಗೆ ಬಂದಿದ್ದರೆ ಅದು ಒಂದೇ ಪುಟದ ಪರಿವಾರ. ಆ ಗುಂಪಿನಲ್ಲಿ ಪರಿಚಿತ ತಾಣ ಯಾವುದೆಂದು ಹುಡುಕಿ, ಕಂಪ್ಯೂಟರ್‌ನಲ್ಲಿ ಅದನ್ನು ತೆರೆದು, ಎಫ್12 ಒತ್ತಿ, ತೆರೆಯುವ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ ಪುಟವನ್ನು ರೀಲೋಡ್ ಮಾಡಿ. ಫಿಲ್ಟರ್ ಜಾಗದಲ್ಲಿ ಅನುಮಾನದ ಡೊಮೇನ್ ಬರೆದರೆ, ಆ ಪುಟವೇ ಅದನ್ನು ಕರೆಸುತ್ತಿದೆಯೇ ಎಂಬುದು ಕಾಣುತ್ತದೆ. ಜಾಹೀರಾತು ಪ್ರತಿ ಸಲ ಬದಲಾಗುವುದರಿಂದ ಮೂರ್ನಾಲ್ಕು ಸಲ ರೀಲೋಡ್ ಮಾಡಿ. ಅಪರಾತ್ರಿಯ ಸಾಲಿದ್ದರೆ ವರದಿ ಯಾವ ಸಮಯವಲಯದ್ದು, ಹಿನ್ನೆಲೆಯಲ್ಲಿ ಅಪ್‌ಡೇಟ್ ಆಗುವ ಆ್ಯಪ್ ಯಾವುದು, ಎರಡನ್ನೂ ವಿಚಾರಿಸಿ. ಬ್ರೌಸರ್ ಹಿಸ್ಟರಿಯಲ್ಲಿ ಆ ತಾಣ ಇಲ್ಲದಿರುವುದು ಯಾವುದಕ್ಕೂ ಪುರಾವೆಯಲ್ಲ, ಬ್ರೌಸರ್‌ನ ಖಾಸಗಿ ಕಿಟಕಿಯಾದ ಇನ್‌ಕಾಗ್ನಿಟೊ ಹಿಸ್ಟರಿಯನ್ನು ಉಳಿಸುವುದೇ ಇಲ್ಲ. ಹುಡುಕಾಟದ ಸಾಲು, ಅದರ ಬೆನ್ನಿಗೇ ತಾಣ, ನಿಮಿಷಗಟ್ಟಲೆ ಅದೇ ತಾಣದ ಚಿತ್ರ ಸರ್ವರ್‌ಗಳು: ಈ ಕ್ರಮ ಕಂಡರೆ ಮಾತ್ರ ನಿಜವಾದ ಭೇಟಿಯ ಸಂಭವ ಹೆಚ್ಚು.

ಕೊಳ್ಳುವ ಮುನ್ನ ಮಾದರಿ ವರದಿ ತರಿಸಿ ನೋಡಿ. ಪ್ರತಿ ಸಾಲಿಗೂ ಸೆಕೆಂಡ್‌ವರೆಗಿನ ಸಮಯ ಮತ್ತು ಕರೆ ಮಾಡಿದ ಆ್ಯಪ್‌ನ ಹೆಸರು ಇದ್ದರೆ ಆ ಸೇವೆ ಹಣಕ್ಕೆ ತಕ್ಕದ್ದು. ಬರೀ ಕೆಂಪು ಅಂಕ ತೋರಿಸುವ ವರದಿಗೆ ದುಡ್ಡು ಕೊಡಬೇಡಿ, ಅದನ್ನಿಟ್ಟುಕೊಂಡು ಏನನ್ನೂ ಪರಿಶೀಲಿಸಲಾಗದು.