ಲಿಬ್ರೆ ಆಫೀಸ್ ರೈಟರ್: ಅಂಚಿನ ಕಾಮೆಂಟುಗಳನ್ನು ಪಠ್ಯಕ್ಕೆ ಇಳಿಸುವವರಿಗೆ

ಬಸವನಗುಡಿಯ ಸಣ್ಣ ಪ್ರಕಾಶನವೊಂದರಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಹಲವು ವರ್ಷಗಳಿಂದ ಇದಕ್ಕೆ ಬರಹದ ತಂತ್ರಾಂಶವಾದ ಲಿಬ್ರೆ ಆಫೀಸ್ ರೈಟರನ್ನೇ ಬಳಸುತ್ತಿದ್ದೇನೆ. ಹಣ ಕೊಡಬೇಕಾಗಿಲ್ಲ ಎಂದು ಶುರು ಮಾಡಿದೆ. ಬಿಡದೆ ಉಳಿದದ್ದು ಕಾಮೆಂಟುಗಳಿಗಾಗಿ.

ಪರಿಶೀಲಕರು ತಮ್ಮ ಆಕ್ಷೇಪಗಳನ್ನು ಪರದೆಯ ಅಂಚಿನಲ್ಲಿ ಬರೆಯುತ್ತಾರೆ. ನಮ್ಮ ಹಿರಿಯ ಲೇಖಕರು ಓದುವುದು ಮಾತ್ರ ಕಾಗದದ ಮೇಲೆ. ಮುದ್ರಿಸುವಾಗ ಕಾಮೆಂಟುಗಳನ್ನು ಅಂಚಿನಲ್ಲಿಯೂ ಹಾಕಿಸಬಹುದು, ದಾಖಲೆಯ ಕೊನೆಯಲ್ಲಿಯೂ ಹಾಕಿಸಬಹುದು. ಅಂಚಿಗೆ ಜಾಗ ಮಾಡಲು ಇಡೀ ಪುಟ ಕುಗ್ಗುತ್ತದೆ. ಒತ್ತಕ್ಷರಗಳನ್ನು ಓದುವಷ್ಟರಲ್ಲಿ ಕಣ್ಣು ಸೋಲುತ್ತದೆ. ಕೊನೆಯಲ್ಲಿ ಹಾಕಿಸಿದರೆ ವಾಕ್ಯ ಒಂದು ಕಡೆ, ಆಕ್ಷೇಪ ಇನ್ನೊಂದು ಕಡೆ. ವಾಕ್ಯದ ಪಕ್ಕದಲ್ಲೇ ಚೌಕ ಆವರಣದೊಳಗೆ ಪ್ರಶ್ನೆ ಕಂಡಾಗ ಅವರು ಪೆನ್ನು ಹಿಡಿದು ಉತ್ತರ ಬರೆಯುತ್ತಾರೆ.

ಕಾಮೆಂಟನ್ನು ಹೀಗೆ ಪಠ್ಯದೊಳಗೆ ಇಳಿಸಲು ಮೆನುವಿನಲ್ಲಿ ನೇರ ಆಜ್ಞೆಯಿಲ್ಲ. ಇಷ್ಟು ಉಪಯುಕ್ತವಾದದ್ದು ಇರಲೇಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ರೈಟರ್ ಪ್ರತಿ ಕಾಮೆಂಟನ್ನೂ ಪಠ್ಯದೊಳಗಿನ ಒಂದು ಫೀಲ್ಡ್ (ಪಠ್ಯದ ನಡುವೆ ಕೂರುವ ಗುರುತು) ಎಂದೇ ಇಟ್ಟುಕೊಳ್ಳುವುದರಿಂದ, ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪುಟ್ಟ ಮ್ಯಾಕ್ರೊ (ಕೆಲಸವನ್ನು ತಾನೇ ಮಾಡಿಸುವ ಆಜ್ಞೆಗಳ ಸರಣಿ) ಸಾಕು. ಅದು ಒಂದೊಂದೇ ಕಾಮೆಂಟನ್ನು ಹುಡುಕಿ, ಬರೆದವರ ಹೆಸರಿನೊಂದಿಗೆ ಅದೇ ಜಾಗದಲ್ಲಿ ಪಠ್ಯವಾಗಿ ಸೇರಿಸುತ್ತದೆ. ಇತ್ಯರ್ಥವಾದವುಗಳನ್ನು ಬಿಟ್ಟು ಮುಂದೆ ಹೋಗುವಂತೆಯೂ ಬರೆಯಬಹುದು. ಮ್ಯಾಕ್ರೊ ಓಡಿಸುವ ಮೊದಲು ಬದಲಾವಣೆಗಳನ್ನು ದಾಖಲಿಸುವ ಸೌಲಭ್ಯವನ್ನು (ಟ್ರ್ಯಾಕ್ ಚೇಂಜಸ್) ಚಾಲೂ ಮಾಡಿಕೊಳ್ಳಿ. ಸೇರಿದ್ದೆಲ್ಲ ಬಣ್ಣದಲ್ಲಿ ಕಾಣುತ್ತದೆ, ಲೇಖಕರ ಉತ್ತರ ಬಂದ ಮೇಲೆ ಎಲ್ಲವನ್ನೂ ಒಟ್ಟಿಗೆ ತಿರಸ್ಕರಿಸಿದರೆ ಮೂಲ ಪಠ್ಯ ಹಾಗೆಯೇ ಮರಳುತ್ತದೆ. ಕಾಮೆಂಟಿನೊಳಗಿನ ದಪ್ಪ ಅಕ್ಷರ, ಓರೆ ಅಕ್ಷರಗಳು ಮಾತ್ರ ಉಳಿಯುವುದಿಲ್ಲ.

ಕನ್ನಡದವರು ಹೆಚ್ಚು ಎಚ್ಚರ ವಹಿಸಬೇಕಾದದ್ದು ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನ ಹಸ್ತಪ್ರತಿಗಳಲ್ಲಿ. ಅಲ್ಲಿ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ; ಅದನ್ನು ಕನ್ನಡವಾಗಿ ತೋರಿಸುವುದು ಫಾಂಟು. ಪರಿಶೀಲಕರು ಯೂನಿಕೋಡಿನಲ್ಲಿ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಪದ್ಧತಿ) ಬರೆದ ಕಾಮೆಂಟ್ ಪಠ್ಯಕ್ಕೆ ಇಳಿದಾಗ ಕನ್ನಡ ಚೆನ್ನಾಗಿಯೇ ಕಾಣುತ್ತದೆ, ಆದರೆ ಇಂಗ್ಲಿಷಿನಲ್ಲಿರುವ ಅವರ ಹೆಸರು ಸುತ್ತಲಿನ ಫಾಂಟನ್ನು ತೊಟ್ಟು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತದೆ. ಹಸ್ತಪ್ರತಿಯಿಂದ ನಕಲು ಮಾಡಿ ಕಾಮೆಂಟಿನೊಳಗೆ ಫಾಂಟಿಲ್ಲದೆ ಬರಿಯ ಪಠ್ಯವಾಗಿ ಅಂಟಿಸಿದ ಸಾಲಿನದು ಇದಕ್ಕೆ ವಿರುದ್ಧ: ಅಂಚಿನಲ್ಲಿ ಅರ್ಥವಾಗದೆ ಕುಳಿತಿದ್ದದ್ದು ಪಠ್ಯಕ್ಕೆ ಬಂದೊಡನೆ ಓದಲು ಸಿಗುತ್ತದೆ. ಹೀಗಾಗಿ ಹಸ್ತಪ್ರತಿ ಕೈಸೇರಿದ ದಿನವೇ, ಪರಿಶೀಲಕರಿಗೆ ಕಳಿಸುವ ಮೊದಲೇ, ಅದನ್ನು ಯೂನಿಕೋಡಿಗೆ ಬದಲಾಯಿಸಿಕೊಳ್ಳಿ. ಕಾಮೆಂಟುಗಳು ಸೇರಿಕೊಂಡ ಮೇಲೆ ಬದಲಾಯಿಸಲು ಹೊರಟರೆ ಎರಡೂ ಬಗೆಯ ಅಕ್ಷರಗಳು ಒಂದೇ ಸಾಲಿನಲ್ಲಿ ಬೆರೆತು, ಪ್ರತಿ ಪುಟವನ್ನೂ ಕೈಯಿಂದಲೇ ಸರಿಪಡಿಸಬೇಕಾಗುತ್ತದೆ.