ಒಂದೇ ಇಳಕಲ್ ಸೀರೆ, ಐದು ಥರದ ಕೈಕೆಲಸದ ಒಡವೆ

ನನ್ನ ಹತ್ತಿರ ಬದನೆಕಾಯಿ ಬಣ್ಣದ ಒಂದು ಇಳಕಲ್ ಕಾಟನ್ ಸೀರೆ ಇದೆ. ಗೋಮಿ ಅನ್ನುವ ವಿನ್ಯಾಸದ ದಡಿ (ಅಂಚು), ತೋಪತೆನೆ ಅನ್ನುವ ವಿನ್ಯಾಸದ ಕೆಂಪು ಸೆರಗು. ಕಳೆದ ಒಂದು ವರ್ಷದಲ್ಲಿ ಕೈಕೆಲಸದ ಒಡವೆ ಯಾವುದನ್ನು ಕೊಂಡರೂ ಮೊದಲು ಹಾಕಿಕೊಂಡಿದ್ದು ಈ ಸೀರೆಗೇ. ಸೀರೆ ಒಂದೇ ಇದ್ದರೆ ಒಡವೆಯ ಗುಣ ಸರಿಯಾಗಿ ಕಾಣುತ್ತದೆ ಅನ್ನೋದು ನನ್ನ ಲೆಕ್ಕ. ಮಣ್ಣಿನ ಜುಮುಕಿ, ರೇಷ್ಮೆ ದಾರದ ಸೆಟ್, ಚನ್ನಪಟ್ಟಣದ ಅರಗಿನ ಬಳೆ, ಲಂಬಾಣಿ ಸರ, ಕಪ್ಪು ಮಾಡಿದ ಲೋಹದ ಆಕ್ಸಿಡೈಸ್ಡ್ ಸೆಟ್. ಈ ಐದನ್ನೂ ಹಾಕಿಕೊಂಡು ದಾವಣಗೆರೆಯಲ್ಲಿ ಪಾಠ ಮಾಡಿದ್ದೇನೆ, ಸಿಟಿ ಬಸ್ ಹತ್ತಿದ್ದೇನೆ, ಮದುವೆ ಜಾತ್ರೆ ತಿರುಗಿದ್ದೇನೆ.

ಫೋಟೊದಲ್ಲಿ ಐದೂ ಚೆಂದವೇ. ವ್ಯತ್ಯಾಸ ಗೊತ್ತಾಗುವುದು ಮಧ್ಯಾಹ್ನ ಮೂರು ಗಂಟೆಯ ಮೇಲೆ. ಕುತ್ತಿಗೆ ಬೆವರಿರುತ್ತದೆ, ಕಿವಿ ಜಗ್ಗುತ್ತಿರುತ್ತದೆ, ಸೆರಗಿನ ಎಳೆ ಎಲ್ಲೋ ಸಿಕ್ಕಿಕೊಂಡಿರುತ್ತದೆ.

ಮೊದಲು ತೂಕ ನೋಡಿಸಿದೆ. ಮಂಡಿಪೇಟೆಯಲ್ಲಿ ನಮ್ಮಮ್ಮನ ಕಾಲದಿಂದ ಪರಿಚಯದ ಪತ್ತಾರರೊಬ್ಬರು ಇದ್ದಾರೆ. ಬಂಗಾರ ತೂಗುವ ತಕ್ಕಡಿಯಲ್ಲೇ ನನ್ನ ಕಿವಿಯ ಜೋಡಿಗಳನ್ನು ಒಂದೊಂದಾಗಿ ಇಟ್ಟರು. ಆಕ್ಸಿಡೈಸ್ಡ್ ಜುಮುಕಿ 31 ಗ್ರಾಂ. ಮಣ್ಣಿನದು 24. ದಾರದ್ದು 11. ಚನ್ನಪಟ್ಟಣದ ಮರದ ಓಲೆ ಬರೀ 7 ಗ್ರಾಂ. ಗಾತ್ರ ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ, ಆದರೆ ನನ್ನ ಕಿವಿಗೆ 20 ಗ್ರಾಂ ದಾಟಿದ ಜೋಡಿ ಯಾವುದಾದರೂ ಇಡೀ ದಿನ ಆಗಿ ಬರಲಿಲ್ಲ. ಅಂಥದ್ದಕ್ಕೆ ಮಾಟಿ ಬೇಕೇ ಬೇಕು. ಮಾಟಿಯ ಕೊಕ್ಕೆಯನ್ನು ಕಿವಿಯ ಮೇಲೆ ಕೂದಲಿಗೆ ಸಿಕ್ಕಿಸಿದರೆ ಅರ್ಧ ಭಾರ ಅಲ್ಲೇ ಇಳಿಯುತ್ತದೆ. ನಮ್ಮ ಅಜ್ಜಿಯಂದಿರು ಅದನ್ನು ಅಲಂಕಾರಕ್ಕೆ ಮಾತ್ರ ಹಾಕುತ್ತಿರಲಿಲ್ಲ ಅನ್ನೋದು ನನಗೆ ಆಗ ಅರ್ಥ ಆಯಿತು.

ಈಗ ಮಣ್ಣಿನ ಒಡವೆ. ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ, ಯಾಕಂದರೆ ಇದರಲ್ಲಿ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಇರುವ ಅಂತರ ದೊಡ್ಡದು. ಜೇಡಿಮಣ್ಣನ್ನು ಸೋಸಿ, ಹದ ಮಾಡಿ, ಆಕಾರ ಕೊಟ್ಟು, ನೆರಳಲ್ಲಿ ಒಣಗಿಸಿ ಆಮೇಲೆ ಸುಡುತ್ತಾರೆ. ಮಣ್ಣಿನಲ್ಲಿರುವ ಕಬ್ಬಿಣದ ಅಂಶದಿಂದ ಆ ಇಟ್ಟಿಗೆ ಕೆಂಪು ಬರುತ್ತದೆ. ಅದೇ ಮಣ್ಣನ್ನು ಗಾಳಿ ಆಡದ ಹಾಗೆ ಮುಚ್ಚಿ ಹೊಗೆಯಲ್ಲಿ ಸುಟ್ಟರೆ ಕಪ್ಪಾಗುತ್ತದೆ. ಬಣ್ಣ ಬಳಿಯದ ಈ ಕಪ್ಪು ಜುಮುಕಿಯನ್ನು ಇಳಕಲ್ ಸೀರೆಯ ಕೆಂಪು ಸೆರಗಿನ ಪಕ್ಕ ಒಮ್ಮೆ ಹಿಡಿದು ನೋಡಿ. ಎರಡೂ ಹೊಳೆಯುವುದಿಲ್ಲ, ಎರಡರ ಮೈಯೂ ಸ್ವಲ್ಪ ಒರಟು. ಆ ಜೋಡಿ ನನಗೆ ತುಂಬಾ ಇಷ್ಟ. ಹೊಳಪಿಲ್ಲದ ಬಟ್ಟೆಗೆ ಹೊಳಪಿಲ್ಲದ ಒಡವೆ ಎಷ್ಟು ಚೆನ್ನಾಗಿ ಕೂರುತ್ತದೆ ಅನ್ನೋದು ಕಣ್ಣಿಗೆ ಕಂಡಿದ್ದು ಅವತ್ತೇ.

ಕೊಳ್ಳುವಾಗ ಸಂತೆಯಲ್ಲಿ ನಮ್ಮಮ್ಮ ಮಡಕೆ ನೋಡುವ ಹಾಗೇ ನೋಡಬೇಕು. ಜುಮುಕಿಯನ್ನು ದಾರದಲ್ಲಿ ತೂಗುಬಿಟ್ಟು ಉಗುರಿನಿಂದ ಮೆಲ್ಲಗೆ ತಟ್ಟಿ. ಟಣ್ ಅಂದರೆ ಚೆನ್ನಾಗಿ ಬೆಂದಿದೆ. ದಬ್ ಅಂತ ಸತ್ತ ಸದ್ದು ಬಂದರೆ ಬೇಡ, ಅದು ಹಸಿ. ಬಣ್ಣ ಬಳಿದದ್ದಾದರೆ ಬೆರಳು ಒದ್ದೆ ಮಾಡಿಕೊಂಡು ಹಿಂಭಾಗ ಉಜ್ಜಿ. ಬೆರಳಿಗೆ ಬಣ್ಣ ಹತ್ತಿದರೆ ಬೆವರಿಗೂ ಹತ್ತುತ್ತದೆ, ಬ್ಲೌಸಿಗೂ ಹತ್ತುತ್ತದೆ. ನಾನು ಮೊದಲು ಕೊಂಡ 180 ರೂಪಾಯಿಯ ಸರ ಹೀಗೇ ಒಂದು ಬಿಳಿ ಬ್ಲೌಸ್ ಕೆಡಿಸಿತು. ಎರಡನೆಯದಕ್ಕೆ 450 ಕೊಟ್ಟೆ. ಒಂದು ವರ್ಷ ಆಯಿತು, ಬಣ್ಣ ಹಾಗೇ ಇದೆ.

ಮಣ್ಣಿನದರ ದೊಡ್ಡ ಕಷ್ಟ ಅಂದರೆ ಪ್ರಯಾಣ. ಚಿತ್ರದುರ್ಗದಲ್ಲಿ ಸೋದರಮಾವನ ಮಗಳ ಮದುವೆ ಇತ್ತು. ನಮ್ಮೂರಿಂದ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಅವಸರದಲ್ಲಿ ಪದಕವನ್ನು ಮನೆ ಕೀಲಿಕೈ ಜೊತೆಗೇ ಪರ್ಸಿಗೆ ಹಾಕಿಬಿಟ್ಟೆ. ಇಳಿದು ನೋಡಿದರೆ ಮೂಲೆ ಚಕ್ಕೆ ಎದ್ದಿತ್ತು. ಈಗ ಅಪ್ಪನ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಇಟ್ಟೇ ಹೊರಡುತ್ತೇನೆ.

ಅದೇ ಮದುವೆಯಲ್ಲಿ ಇನ್ನೊಂದು ಗೊತ್ತಾಯಿತು. ಮುಹೂರ್ತಕ್ಕೆ ಅಮ್ಮನ ಮೊಳಕಾಲ್ಮೂರು ರೇಷ್ಮೆ ಉಟ್ಟಿದ್ದೆ. ಅದೇ ಜಿಲ್ಲೆಯ ನೇಯ್ಗೆ, ಮೈತುಂಬಾ ಬುಟ್ಟಾ, ಅಗಲ ಜರಿ ಅಂಚು. ಕಿವಿಗೆ ಆ ಮಣ್ಣಿನ ಜುಮುಕಿ. ದೊಡ್ಡಮ್ಮ ನನ್ನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಸೀರೆ ಕಾಣ್ತದೆ, ಕಿವಿ ಕಾಣಂಗಿಲ್ಲ ನೋಡವ್ವ" ಅಂದರು. ನಿಜ ಹೇಳಿದ್ದರು. ಜರಿ ಅಷ್ಟು ಬೆಳಕು ಎಸೆಯುವಾಗ ಮಣ್ಣು ಅದರ ಹಿಂದೆ ಮುಚ್ಚಿಹೋಗುತ್ತದೆ. ಆರತಕ್ಷತೆಗೆ ಅದೇ ಸೀರೆಯಲ್ಲೇ ಇದ್ದೆ, ದಾರದ ಸೆಟ್ ಹಾಕಿಕೊಂಡೆ. ರೇಷ್ಮೆ ದಾರದ ಹೊಳಪು ರೇಷ್ಮೆ ಸೀರೆಯ ಹೊಳಪಿಗೆ ತಾನಾಗಿ ಸೇರಿಕೊಂಡಿತು. ರೇಷ್ಮೆಗೆ ದಾರ, ಕಾಟನ್ನಿಗೆ ಮಣ್ಣು. ಇಳಕಲ್ ಕಾಟನ್ ಮೇಲೆ ದಾರದ ಸೆಟ್ ಹಾಕಿದಾಗ ಒಡವೆ ಒಂದೇ ಮುಂದೆ ಬಂದು ಸೀರೆ ಹಳತಾದಂತೆ ಕಂಡಿತ್ತು.

ದಾರದ ಒಡವೆಯ ದೊಡ್ಡ ಗುಣ ಬಣ್ಣ. ಬೇರೆ ಯಾವುದರಲ್ಲೂ ಇಷ್ಟು ಸರಿಯಾಗಿ ಹೊಂದಿಸೋಕೆ ಆಗಲ್ಲ. ನಮ್ಮ ಬೀದಿಯಲ್ಲೇ ಒಬ್ಬ ಅಕ್ಕ ಮನೆಯಲ್ಲಿ ಮಾಡುತ್ತಾರೆ. ಬ್ಲೌಸ್ ಪೀಸ್ ತೆಗೆದುಕೊಂಡು ಹೋದರೆ ಟ್ಯೂಬ್‌ಲೈಟ್ ಕೆಳಗೆ ನೋಡಲ್ಲ, ಕಿಟಕಿ ಹತ್ತಿರ ಕರೆಯುತ್ತಾರೆ. ಲಡಿಯಿಂದ ಎರಡು ಎಳೆ ಎಳೆದು ಅಂಚಿನ ಮೇಲೆ ಇಡುತ್ತಾರೆ. ತೆಗೆಯುತ್ತಾರೆ, ಇನ್ನೊಂದು ಇಡುತ್ತಾರೆ. ಎಳೆ ಬಟ್ಟೆಯ ಮೇಲೆ ಕಾಣದೆ ಹೋದಾಗ "ಇದೇ" ಅನ್ನುತ್ತಾರೆ. ಆಮೇಲೆ ಇಪ್ಪತ್ತೈದು ಎಳೆಯನ್ನು ಚಪ್ಪಟೆಯಾಗಿ ಕೂಡಿಸಿ, ಪ್ಲಾಸ್ಟಿಕ್ ಬಳೆಗೆ ಅಂಟು ಸವರಿಕೊಂಡು ಸುತ್ತುತ್ತಾ ಹೋಗುತ್ತಾರೆ. ಒಂದು ಎಳೆ ಇನ್ನೊಂದರ ಮೇಲೆ ಹತ್ತಿದರೆ ಬಿಚ್ಚಿ ಮತ್ತೆ ಸುತ್ತುತ್ತಾರೆ. ಒಂದು ಜೊತೆ ಬಳೆಗೆ 160 ರೂಪಾಯಿ. ಅವರ ಬೆರಳ ಕೆಲಸ ಕಣ್ಣಾರೆ ಕಂಡ ಮೇಲೆ ನಾನು ಚೌಕಾಸಿ ಮಾಡಿಲ್ಲ.

ಆದರೆ ದಾರಕ್ಕೆ ನೀರು ಆಗಲ್ಲ, ಎಣ್ಣೆಯಂತೂ ಆಗಲೇ ಆಗಲ್ಲ. ಒಂದು ಭಾನುವಾರ ಹೊಸ ಹಳದಿ ಬಳೆ ಹಾಕಿಕೊಂಡು ಬೆಣ್ಣೆ ದೋಸೆ ತಿನ್ನೋಕೆ ಹೋದೆ. ದಾವಣಗೆರೆಯ ದೋಸೆ ಮುರಿದರೆ ಬೆಣ್ಣೆ ಮಣಿಕಟ್ಟಿನ ತನಕ ಇಳಿಯುತ್ತದೆ, ಗೊತ್ತಲ್ವಾ. ಬಳೆಯ ಒಳಬದಿ ಬೆಣ್ಣೆ ಕುಡಿದು ಕಂದಾಯಿತು. ಮೈದಾ ಹಿಟ್ಟು ಉದುರಿಸಿ ಇಟ್ಟೆ, ಸೀಗೆಪುಡಿ ಸವರಿದೆ. ಹೋಗಲಿಲ್ಲ. ಮಳೆಯಲ್ಲಿ ನೆನೆದ ಇನ್ನೊಂದು ಜೊತೆಯಲ್ಲಿ ಅಂಟು ಸಡಿಲವಾಗಿ ದಾರ ಜಾರಿತು. ಹಾಗಾಗಿ ದಾರದ ಸೆಟ್ ಅಂದರೆ ಒಂದು ಸೀರೆಗೆ ಅಂತಲೇ ಮಾಡಿಸಿ, ಸಮಾರಂಭಕ್ಕೆ ಹಾಕಿ, ತೆಗೆದು ಡಬ್ಬಿಗೆ ಇಡುವಂಥದ್ದು. ದಿನಾ ಹಾಕುವಂಥದ್ದಲ್ಲ.

ದಿನಾ ಹಾಕೋಕೆ ಚನ್ನಪಟ್ಟಣದ್ದಕ್ಕೆ ಸಮ ಯಾವುದೂ ಇಲ್ಲ. ಆಲೆ ಮರದ ತುಂಡನ್ನು ತಿರುಗಣಿಯ ಮೇಲೆ ತಿರುಗಿಸುತ್ತಾ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ಕೇದಿಗೆ ಗರಿಯಿಂದ ಒತ್ತಿ ಮೆರುಗು ಕೊಡುತ್ತಾರೆ. ಆ ನುಣುಪು ಕೈಗೆ ಸಿಗುತ್ತದೆ, ಸೀರೆಯ ಒಂದು ಎಳೆಯೂ ಅದಕ್ಕೆ ಸಿಕ್ಕಲ್ಲ. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದಾಗ ಲೋಹದ ಬಳೆ ಝಣ್ ಅಂತ ಮೊಣಕೈಗೆ ಜಾರುತ್ತದೆ. ಮರದ್ದು ಟಕ್ ಅನ್ನುತ್ತದೆ, ಅಷ್ಟೇ. ಸೀಮೆಸುಣ್ಣದ ಪುಡಿ ಬಿದ್ದರೆ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬೆಣ್ಣೆ ದೋಸೆಗೂ ಇದೇ ಹಾಕಿ ಹೋಗಿ ನೋಡಿದೆ. ಒರೆಸಿದೆ, ಹೊಸದರ ಹಾಗಾಯಿತು.

ಒಂದು ಎಚ್ಚರ ಮಾತ್ರ ಬೇಕು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಸ್ಯಾನಿಟೈಸರ್, ಸೆಂಟು ಎರಡರಲ್ಲೂ ಇರುವುದು ಅದೇ. ನಾನು ಮಣಿಕಟ್ಟಿಗೆ ಸೆಂಟು ಹೊಡೆದುಕೊಂಡು ತಕ್ಷಣ ಬಳೆ ಏರಿಸಿದ್ದೆ. ಹತ್ತು ನಿಮಿಷಕ್ಕೆ ಎರಡು ಬಳೆ ಒಂದಕ್ಕೊಂದು ಅಂಟಿಕೊಂಡವು. ಬಿಡಿಸಿದಾಗ ಹಸಿರು ಬಳೆಯ ಮೇಲೆ ಕೆಂಪಿನ ಗೆರೆ. ಇವತ್ತಿಗೂ ಅದು ಹಾಗೇ ಇದೆ. ಇನ್ನು ಉಡುಪಿನ ಮಾತಿಗೆ ಬಂದರೆ, ಈ ಬಳೆಗಳ ಬಣ್ಣ ಸ್ವಚ್ಛವಾಗಿ, ದಟ್ಟವಾಗಿ ಇರುತ್ತದೆ. ಖಾದಿ ಕುರ್ತಾ, ಒಂದೇ ಬಣ್ಣದ ಕಾಟನ್ ಸೀರೆ ಅಂದರೆ ಕಣ್ಣು ಮುಚ್ಚಿ ಹಾಕಬಹುದು. ಇಳಕಲ್ಲಿಗೆ ಹಾಕುವಾಗ ಸೀರೆಯ ಒಡಲಿನ ಬಣ್ಣ ಬಿಟ್ಟು ದಡಿಯಲ್ಲಿರುವ ಸಣ್ಣ ಬಣ್ಣ ಹಿಡಿದೆ. ನನ್ನ ಸೀರೆಯ ದಡಿಯಲ್ಲಿ ಒಂದು ತೆಳು ಸಾಸಿವೆ ಹಳದಿ ಗೆರೆ ಇದೆ. ಹಳದಿ ಬಳೆ ಹಾಕಿದ ದಿನ ಆ ಗೆರೆ ಇರೋದು ಎಲ್ಲರ ಕಣ್ಣಿಗೂ ಬಿತ್ತು.

ಲಂಬಾಣಿ ಸರದ ವಿಷಯ ಬೇರೆಯೇ. ಅದನ್ನು ನಾನು ಕೊಂಡಿದ್ದು ಸೂರಗೊಂಡನಕೊಪ್ಪದಲ್ಲಿ, ಸೇವಾಲಾಲ್ ಜಯಂತಿಯ ಜಾತ್ರೆಯಲ್ಲಿ. ನಮ್ಮ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿದೆ, ಲಂಬಾಣಿಗರ ಗುರು ಸೇವಾಲಾಲರು ಹುಟ್ಟಿದ ಊರು ಅಂತ ಇಲ್ಲಿ ನಂಬುತ್ತಾರೆ. ಕೆಂಪು ನೀಲಿ ಬಟ್ಟೆಯ ಪಟ್ಟಿ, ಅದರ ಮೇಲೆ ಒತ್ತೊತ್ತು ಹೊಲಿಗೆ, ನಡುವೆ ಪುಟ್ಟ ಕನ್ನಡಿ, ಅಂಚಿಗೆ ಕವಡೆ, ಕೆಳಗೆ ಬಿಳಿ ಲೋಹದ ಗೆಜ್ಜೆ. 700 ರೂಪಾಯಿ. ಪಕ್ಕದಲ್ಲಿ ಕೂದಲಿಗೆ ಕಟ್ಟುವ ಘುಗ್ರಿ ಇತ್ತು. ಕಿವಿಗೆ ಹಾಕಿದರೆ ಚೆನ್ನ ಅಂತ ಕೈಗೆತ್ತಿಕೊಂಡೆ. ಮಾರುತ್ತಿದ್ದ ಅಜ್ಜಿ ಮೆಲ್ಲಗೆ ವಾಪಸ್ ತೆಗೆದುಕೊಂಡರು. "ಇದು ಮದುವೆ ಆದೋರು ಕೂದ್ಲಿಗೆ ಕಟ್ಟೋದವ್ವ. ಸುಮ್ನೆ ಜೋತು ಬಿಡೋದಲ್ಲ. ನಿನಗೆ ಸರ ಕೊಡ್ತೀನಿ, ಸರ ಎಲ್ಲಾರೂ ಹಾಕ್ತಾರೆ" ಅಂದರು. ಬೇರೆಯವರ ಒಡವೆ ಹಾಕುವಾಗ ಯಾವುದು ಅಲಂಕಾರ, ಯಾವುದು ಗುರುತು ಅಂತ ಕೇಳಿ ತಿಳಿದುಕೊಳ್ಳಬೇಕು. ಕೇಳಿದರೆ ಪ್ರೀತಿಯಿಂದ ಹೇಳುತ್ತಾರೆ.

ಬೆಲೆ ಜಾಸ್ತಿ ಅನ್ನುವವರಿಗೆ ನಾನು ಆ ಸರ ತಿರುಗಿಸಿ ಹಿಂಬದಿ ತೋರಿಸುತ್ತೇನೆ. ಒಂದು ಕನ್ನಡಿ ಕೂರಿಸೋಕೆ ಸುತ್ತ ಎಷ್ಟು ಹೊಲಿಗೆ ಬಿದ್ದಿದೆ ಅಲ್ಲಿ ಎಣಿಸಬಹುದು. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ ಸಂಡೂರಿನ ಹೆಣ್ಣುಮಕ್ಕಳು ಹೊಲಿದ 1755 ಲಂಬಾಣಿ ಕಸೂತಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಆಯಿತು. ಅಂಥ ಕೈಗಳ ಕೆಲಸ ಇದು.

ಇಳಕಲ್ ಸೀರೆಗೆ ಮಾತ್ರ ಇದು ಕೂಡಲಿಲ್ಲ. ಎರಡೂ ದನಿ ಎತ್ತಿ ಮಾತಾಡುವಂಥವು. ಸಾಲದ್ದಕ್ಕೆ ಸೆರಗನ್ನು ಪಿನ್ ಮಾಡಿದರೆ ಸರದ ಎಡಭಾಗ ಒಳಗೇ ಉಳಿಯುತ್ತದೆ, ಗೆಜ್ಜೆಯ ಕೊಂಡಿಗೆ ಸೆರಗಿನ ಎಳೆ ಸಿಕ್ಕುತ್ತದೆ. ಆ ಎಳೆ ಬಿಡಿಸೋಕೆ ಸ್ಟಾಫ್ ರೂಮಿನಲ್ಲಿ ಇಬ್ಬರು ಬೇಕಾಯಿತು. ಕಪ್ಪು ಕುರ್ತಾದ ಮೇಲೆ ಹಾಕಿದ ದಿನ ಸರ ತನ್ನ ಜಾಗ ಸೇರಿದ ಹಾಗಿತ್ತು. ಕಿವಿ ಖಾಲಿ, ಕೈ ಖಾಲಿ, ಕುತ್ತಿಗೆಗೆ ಅದೊಂದೇ. ಕಾಲೇಜಿಗೆ ಮಾತ್ರ ಬೇಡ. "ಮೇಡಂ, ನೀವು ವರಾಂಡದಲ್ಲಿ ಬರೋದು ಒಳಗಿಂದಲೇ ಗೊತ್ತಾಗುತ್ತೆ" ಅಂದಳು ಒಬ್ಬ ಹುಡುಗಿ. ಪರೀಕ್ಷೆ ಬರೆಯುವ ಮಕ್ಕಳ ನಡುವೆ ಓಡಾಡುವಾಗ ಆ ಸದ್ದು ನನಗೇ ಕಷ್ಟ ಆಯಿತು. ತೆಗೆದು ಡ್ರಾದಲ್ಲಿಟ್ಟೆ.

ಆಕ್ಸಿಡೈಸ್ಡ್ ಬಗ್ಗೆ ಜಾಸ್ತಿ ಹೇಳೋಕೆ ಇಲ್ಲ. ಎಲ್ಲರ ಹತ್ತಿರವೂ ಇರುತ್ತದೆ, ಎಲ್ಲದಕ್ಕೂ ಹೊಂದುತ್ತದೆ, ಯಾವುದನ್ನೂ ಎತ್ತಿ ತೋರಿಸಲ್ಲ. ಜರ್ಮನ್ ಸಿಲ್ವರ್ ಅಂತ ಮಾರುವುದರಲ್ಲಿ ಬೆಳ್ಳಿ ಇರಲ್ಲ. ಇರುವುದು ತಾಮ್ರ, ನಿಕ್ಕಲ್, ಸತುವು. ನಿಕ್ಕಲ್ ಆಗದ ಚರ್ಮಕ್ಕೆ ತುರಿಕೆ ಬರುತ್ತದೆ. ನನಗೆ ಎರಡನೇ ದಿನವೇ ಕಿವಿ ತೂತು ಕೆಂಪಾಗಿ ನೀರು ಬಂತು. ಪತ್ತಾರರು ಕೊಕ್ಕೆ ಮಾತ್ರ ತೆಗೆದು ಬೆಳ್ಳಿಯದು ಹಾಕಿಕೊಟ್ಟರು. ಈಗ ತೊಂದರೆ ಇಲ್ಲ. ಸರವನ್ನು ಬಿಳಿ ಕುರ್ತಾದ ಮೇಲೆ ಹಾಕಬೇಡಿ, ಕಾಲರಿಗೆ ಕಪ್ಪು ಹತ್ತುತ್ತದೆ.

ಖಣದ ಬ್ಲೌಸ್ ಇದ್ದರೆ ಇವುಗಳಲ್ಲಿ ಯಾವ ಸರವೂ ಬೇಡ. ಖಣದ ಬುಟ್ಟಾವೇ ಕುತ್ತಿಗೆ ತುಂಬುತ್ತದೆ. ಕಿವಿಗೆ ಕಪ್ಪು ಮಣ್ಣಿನ ಜುಮುಕಿ, ಕೈಗೆ ನಾಲ್ಕು ಅರಗಿನ ಬಳೆ ಸಾಕು. ಕಳೆದ ಸಲ ದುಗ್ಗಮ್ಮನ ಜಾತ್ರೆಗೆ ಹೀಗೇ ಹೋಗಿದ್ದೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಆ ಗದ್ದಲ, ಆ ಧೂಳು, ತಲೆ ಮೇಲೆ ಸೆರಗು. ಯಾವುದೂ ಸಿಕ್ಕಿಕೊಳ್ಳಲಿಲ್ಲ, ಯಾವುದೂ ಒಡೆಯಲಿಲ್ಲ.

ತಂಗಿ ಮೊನ್ನೆ ಫೋನ್ ಮಾಡಿ, "ಅಕ್ಕಾ, 500 ರೂಪಾಯಿ ಇದೆ, ಒಂದೇ ಒಂದು ತಗೊಳ್ಳೋದಾದ್ರೆ ಯಾವುದು?" ಅಂದಳು. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಉಡುವುದೆಲ್ಲಾ ಕಾಟನ್, ಮೇಜಿನ ಮೇಲೆ ಸದಾ ಸ್ಯಾನಿಟೈಸರ್ ಬಾಟಲಿ. ಮಣ್ಣಿನ ಕಪ್ಪು ಜುಮುಕಿ ತಗೋ, ತಟ್ಟಿ ನೋಡಿ ತಗೋ ಅಂದೆ. ಸ್ಟೀಲ್ ಡಬ್ಬಿ ನಾನೇ ಕೊಡುತ್ತೇನೆ.