ಎಲ್‌ಎಲ್‌ಎಂಗೆ ಕ್ಲಾಟ್ ಪಿಜಿ ಅರ್ಜಿ: ದುಡ್ಡು ಕಟ್ಟುವ ಮುನ್ನ ಎರಡು ಕಾಲಂ ನೋಡಿಕೊಳ್ಳಿ

ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ ಕಾನೂನಿನ ಸ್ನಾತಕೋತ್ತರ ಪದವಿ ಎಲ್‌ಎಲ್‌ಎಂ ಓದಬೇಕೆಂದರೆ ದಾರಿ ಒಂದೇ: ಕ್ಲಾಟ್ ಪಿಜಿ ಎಂಬ ಪ್ರವೇಶ ಪರೀಕ್ಷೆ. ಅದನ್ನು ನಡೆಸುವ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಕನ್ಸಾರ್ಟಿಯಂ ಹುಟ್ಟಿದ್ದು 2017ರಲ್ಲಿ, ಅದರ ಕಚೇರಿ ಇರುವುದೂ ಇದೇ ಕ್ಯಾಂಪಸ್ಸಿನಲ್ಲಿ. ಆದರೆ ಬೆಂಗಳೂರಿನವರಿಗೆ ಇದರಿಂದ ಬೇರೆ ಅನುಕೂಲವೇನೂ ಇಲ್ಲ. ಅರ್ಜಿ, ಶುಲ್ಕ, ಪ್ರವೇಶಪತ್ರ, ಕೌನ್ಸೆಲಿಂಗ್ ಎಲ್ಲವೂ ಆನ್‌ಲೈನ್. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಆ ಆನ್‌ಲೈನ್ ಸೇವೆಯನ್ನೇ.

ಫಾರ್ಮು ಚೆನ್ನಾಗಿದೆ, ಗೊಂದಲವಿಲ್ಲ, ಕಾಗದಪತ್ರ ಕೈಯಲ್ಲಿದ್ದರೆ ಒಂದು ಗಂಟೆಯ ಕೆಲಸ. ಆದರೆ ಆ ಫಾರ್ಮಿನೊಳಗಿನ ಎರಡು ಕಾಲಂ, ಅಂದರೆ ಮೀಸಲಾತಿ ವರ್ಗ ಮತ್ತು ‘ಕರ್ನಾಟಕ ವಿದ್ಯಾರ್ಥಿ’, ನಿಮ್ಮ ಸೀಟನ್ನು ಅರ್ಧಕ್ಕರ್ಧ ನಿರ್ಧರಿಸುತ್ತವೆ. ಇವನ್ನು ಎಷ್ಟು ಎಚ್ಚರಿಕೆಯಿಂದ ತುಂಬಬೇಕು ಎಂದು ಪರದೆಯ ಮೇಲೆ ಯಾರೂ ಹೇಳುವುದಿಲ್ಲ. ಕೊನೆಯ ದಿನ ದಾಟಿದ ಮೇಲೆ ತಿದ್ದಲು ಬರುವುದೂ ಇಲ್ಲ.

ಮೊದಲು ಖರ್ಚು. ಸಾಮಾನ್ಯ ವರ್ಗ ಮತ್ತು ಒಬಿಸಿಯವರಿಗೆ 4000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡ ಮತ್ತು ಬಿಪಿಎಲ್‌ನವರಿಗೆ 3500. ಕಟ್ಟಿದ ದುಡ್ಡು ವಾಪಸ್ ಇಲ್ಲ. ಒಂದೇ ಅರ್ಜಿಗೆ 20ಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳ ಬಾಗಿಲು ತೆರೆಯುತ್ತದೆ ಎಂದು ಲೆಕ್ಕ ಹಾಕಿದರೆ ಇದು ದುಬಾರಿಯಲ್ಲ. ಸೇನೆಯ ಜಡ್ಜ್ ಅಡ್ವೊಕೇಟ್ ಜನರಲ್ ವಿಭಾಗ ಮತ್ತು ಕೆಲವು ಕೇಂದ್ರ ಸಾರ್ವಜನಿಕ ಉದ್ದಿಮೆಗಳು ಕಾನೂನು ಅಧಿಕಾರಿಗಳ ನೇಮಕಕ್ಕೆ ಇದೇ ಅಂಕವನ್ನು ಕೇಳುತ್ತವೆ ಎಂಬುದನ್ನೂ ಸೇರಿಸಿಕೊಳ್ಳಿ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಈ ಗುಂಪಿನಲ್ಲಿಲ್ಲ. ಅದಕ್ಕೆ ಐಲೆಟ್ ಎಂಬ ಬೇರೆ ಪರೀಕ್ಷೆ, ಬೇರೆ ಶುಲ್ಕ.

ಅರ್ಹತೆ ಸರಳ: ಎಲ್‌ಎಲ್‌ಬಿಯಲ್ಲಿ ಒಟ್ಟು ಶೇ 50, ಪರಿಶಿಷ್ಟರಿಗೆ ಶೇ 45. ವಯಸ್ಸಿನ ಮಿತಿ ಇಲ್ಲ. ಅಂತಿಮ ವರ್ಷದವರೂ ಅರ್ಜಿ ಹಾಕಬಹುದು. ಆದರೆ ಕೊನೆಯ ಸೆಮಿಸ್ಟರಿನ ಫಲಿತಾಂಶ ತಡವಾದರೆ, ಅಥವಾ ಹಳೆಯ ಸೆಮಿಸ್ಟರಿನ ಒಂದು ವಿಷಯ ಬಾಕಿ ಉಳಿದಿದ್ದರೆ, ಸಿಕ್ಕ ಸೀಟೂ ಕೈತಪ್ಪಬಹುದು. ಬ್ಯಾಕ್‌ಲಾಗ್ ಇದ್ದವರು ಕ್ಲಾಟ್ ಓದುವ ಭರದಲ್ಲಿ ಅದನ್ನು ಮರೆಯಬಾರದು.

ನೋಂದಣಿ ಮೊಬೈಲ್ ಸಂಖ್ಯೆಯಿಂದ ಶುರುವಾಗುತ್ತದೆ. ಓಟಿಪಿ ಬರುವುದು ಅದಕ್ಕೇ, ಮುಂದೆ ಲಾಗಿನ್ ಆಗುವುದೂ ಅದರಿಂದಲೇ. ಸೈಬರ್ ಸೆಂಟರಿನಲ್ಲಿ ಕೂತು ಅರ್ಜಿ ಹಾಕುವವರು ಅಂಗಡಿಯವರ ಸಂಖ್ಯೆಯನ್ನಾಗಲಿ, ಇಮೇಲನ್ನಾಗಲಿ ಕೊಡಬೇಡಿ. ಡಿಸೆಂಬರಿನ ಫಲಿತಾಂಶದ ನಂತರ ಕೌನ್ಸೆಲಿಂಗ್ ಕರೆ ಬರುವಾಗ ಆ ಅಂಗಡಿಯವರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಹೆಸರನ್ನು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇದ್ದಂತೆಯೇ ಬರೆಯಿರಿ. ನಮ್ಮಲ್ಲಿ ಇನಿಷಿಯಲ್ ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ, ಆಧಾರಿನಲ್ಲಿ ಬಿಡಿಸಿ ಬರೆದಿರುತ್ತದೆ. ದಾಖಲೆ ಪರಿಶೀಲನೆಯಲ್ಲಿ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲೇ. ಫೋಟೋ ಇತ್ತೀಚಿನದಾಗಿರಲಿ, ಹಿನ್ನೆಲೆ ಖಾಲಿ ಇರಲಿ. ಸಹಿಯನ್ನು ಬಿಳಿ ಹಾಳೆಯ ಮೇಲೆ ಮಾಡಿ ಸ್ಕ್ಯಾನ್ ಮಾಡಿಸಿ. ಪಾವತಿಯ ಹೊತ್ತಿಗೆ ಖಾತೆಯಿಂದ ಹಣ ಹೋಗಿ ಪರದೆಯಲ್ಲಿ ‘ಬಾಕಿ’ ಎಂದು ತೋರಿಸಿದರೆ ತಕ್ಷಣ ಎರಡನೇ ಸಲ ಕಟ್ಟಬೇಡಿ. ಹೊರಬಂದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಲಾಗಿನ್ ಆಗಿ ನೋಡಿ.

ಇನ್ನು ಆ ಎರಡು ಕಾಲಂ.

ಕರ್ನಾಟಕ ವಿದ್ಯಾರ್ಥಿಗಳಿಗೆ ನ್ಯಾಷನಲ್ ಲಾ ಸ್ಕೂಲಿನಲ್ಲಿ ಶೇ 25 ಸಮತಲ ಮೀಸಲಾತಿ ಇದೆ. ಇಲ್ಲಿ ‘ಕರ್ನಾಟಕದವರು’ ಎಂದರೆ ಇಲ್ಲಿ ಹುಟ್ಟಿದವರು ಎಂದಲ್ಲ, ಆಧಾರಿನಲ್ಲಿ ಬೆಂಗಳೂರಿನ ವಿಳಾಸ ಇರುವವರು ಎಂದೂ ಅಲ್ಲ. ರಾಜ್ಯದ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ 10 ವರ್ಷ ಓದಿರಬೇಕು. ಜಯನಗರದಲ್ಲಿ ಹುಟ್ಟಿ ಚೆನ್ನೈಯಲ್ಲಿ ಶಾಲೆ ಮುಗಿಸಿದವರಿಗೆ ಇದು ಸಿಗುವುದಿಲ್ಲ. ಬೇರೆ ರಾಜ್ಯದಿಂದ ಬಂದು ಇಲ್ಲೇ ಒಂದನೇ ತರಗತಿಯಿಂದ ಎಸ್ಸೆಸ್ಸೆಲ್ಸಿ ತನಕ ಓದಿದವರಿಗೆ ಸಿಗಬಹುದು. ಸಮತಲ ಎಂದರೆ ಇದು ಪ್ರತ್ಯೇಕ ಗುಂಪಲ್ಲ, ಪ್ರತಿ ವರ್ಗದ ಒಳಗೇ ಲೆಕ್ಕವಾಗುತ್ತದೆ. ಒಂದು ವರ್ಗಕ್ಕೆ 20 ಸೀಟು ಇದೆ ಎಂದಿಟ್ಟುಕೊಳ್ಳಿ, ಅದರಲ್ಲಿ 5 ಕರ್ನಾಟಕ ವಿದ್ಯಾರ್ಥಿಗಳಿಗೆ. ಹಾಗಾಗಿ ಸಾಮಾನ್ಯ ವರ್ಗದವರೂ ಈ ಕಾಲಂ ಬಿಡಬಾರದು. ‘ನಮಗೆ ಮೀಸಲಾತಿ ಇಲ್ಲವಲ್ಲ’ ಎಂದು ದಾಟಿ ಹೋಗುವವರು ಕಳೆದುಕೊಳ್ಳುವುದು ಸಣ್ಣದೇನಲ್ಲ.

ಇದಕ್ಕೆ ಬೇಕಾದದ್ದು ವ್ಯಾಸಂಗ ಪ್ರಮಾಣಪತ್ರಗಳು. ಎರಡು ಮೂರು ಶಾಲೆ ಬದಲಾಯಿಸಿದ್ದರೆ ಪ್ರತಿ ಶಾಲೆಯಿಂದಲೂ ಒಂದೊಂದು. ಯಾವ ತರಗತಿಯಿಂದ ಯಾವ ತರಗತಿ, ಯಾವ ವರ್ಷದಿಂದ ಯಾವ ವರ್ಷ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯನ್ನೂ ಹಾಕಿಸಿಟ್ಟರೆ ಮುಂದೆ ಪ್ರಶ್ನೆ ಬರದು. ಶಾಲೆ ಮುಚ್ಚಿಹೋಗಿದ್ದರೆ ಆ ಬಿಇಒ ಕಚೇರಿಯಲ್ಲೇ ವಿಚಾರಿಸಬೇಕು, ಅದಕ್ಕೆ ವಾರಗಳು ಹಿಡಿಯಬಹುದು. ದಸರಾ ರಜೆ ಅರ್ಜಿಯ ಕೊನೆಯ ದಿನಗಳ ಹತ್ತಿರವೇ ಬರುತ್ತದೆ. ಆಗಸ್ಟಿನಲ್ಲೇ ಊರಿಗೆ ಹೋಗಿ ಮುಗಿಸಿಕೊಂಡು ಬರುವುದು ಒಳ್ಳೆಯದು.

ಎರಡನೆಯದು ವರ್ಗ. ನಾಡಕಚೇರಿಯಲ್ಲಿ ಪಡೆದ ರಾಜ್ಯದ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಪ್ರಮಾಣಪತ್ರವೇ ಬೇರೆ, ಕೇಂದ್ರ ಸರ್ಕಾರದ ಒಬಿಸಿ ಕೆನೆಪದರೇತರ ನಮೂನೆಯೇ ಬೇರೆ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಸಿಇಟಿಗೆ ಕೊಟ್ಟಿದ್ದ ಹಳೆಯ ಪ್ರಮಾಣಪತ್ರವನ್ನೇ ಅಪ್‌ಲೋಡ್ ಮಾಡಿ ಒಬಿಸಿ ಎಂದು ಟಿಕ್ ಹಾಕಿದರೆ, ಅರ್ಜಿಯ ದಿನ ಏನೂ ಆಗುವುದಿಲ್ಲ, ಪರೀಕ್ಷೆಯೂ ಬರೆಯಬಹುದು. ತೊಂದರೆ ತಿಳಿಯುವುದು ಸೀಟು ಹಂಚಿಕೆಯಾಗಿ ಮೂಲ ದಾಖಲೆ ತೋರಿಸುವಾಗ. ಜಾತಿಯ ಹೆಸರು ಕೇಂದ್ರ ಪಟ್ಟಿಯಲ್ಲಿ ಯಾವ ಕಾಗುಣಿತದಲ್ಲಿದೆ ಎಂದು ನೋಡಿ, ಅದೇ ನಮೂನೆಯಲ್ಲಿ ತಹಶೀಲ್ದಾರರಿಂದ ಪಡೆಯಿರಿ. ಇಡಬ್ಲ್ಯುಎಸ್‌ನವರಿಗೆ (ಆರ್ಥಿಕವಾಗಿ ದುರ್ಬಲ ವರ್ಗದವರಿಗೆ) ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇರಬೇಕು. 5 ಎಕರೆ ಅಥವಾ ಅದಕ್ಕಿಂತ ಹೆಚ್ಚು ಕೃಷಿಭೂಮಿ ಇದ್ದರೆ ಆದಾಯ ಎಷ್ಟೇ ಕಡಿಮೆಯಿದ್ದರೂ ಆಗದು. ಹೋದ ವರ್ಷದ ಪತ್ರ ಈ ವರ್ಷಕ್ಕೆ ನಡೆಯದು.

ಪರೀಕ್ಷೆಯ ವಿಷಯಕ್ಕೆ ಬಂದರೆ ದೂರಲು ಹೆಚ್ಚೇನಿಲ್ಲ. ಡಿಸೆಂಬರ್ ಮೊದಲ ಭಾನುವಾರ ಎಂಬ ವಾಡಿಕೆ ನಿಂತಿದೆ: 2023ರಲ್ಲಿ 3ನೇ ತಾರೀಖು, 2024ರಲ್ಲಿ 1, 2025ರಲ್ಲಿ 7. ಪೆನ್ನು, ಓಎಂಆರ್ ಹಾಳೆ. 120 ಪ್ರಶ್ನೆ, 120 ನಿಮಿಷ, ಸರಿಗೆ 1 ಅಂಕ, ತಪ್ಪಿಗೆ ಕಾಲು ಅಂಕ ಕಡಿತ. ಸಂವಿಧಾನ, ನ್ಯಾಯಶಾಸ್ತ್ರ, ಕರಾರು, ಅಪರಾಧ, ಕುಟುಂಬ, ಕಂಪನಿ, ತೆರಿಗೆ, ಪರಿಸರ, ಕಾರ್ಮಿಕ, ಅಂತರರಾಷ್ಟ್ರೀಯ ಕಾನೂನು ಎಲ್ಲವೂ ಪಠ್ಯದಲ್ಲಿವೆ. ಉದ್ದನೆಯ ಗದ್ಯಭಾಗ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುವುದರಿಂದ, ನಿಮಿಷಕ್ಕೊಂದು ಎಂಬ ಲೆಕ್ಕ ಓದುವುದರಲ್ಲೇ ಮುಗಿದುಹೋಗುತ್ತದೆ. ಐಪಿಸಿ, ಸಿಆರ್‌ಪಿಸಿಗಳ ಜಾಗಕ್ಕೆ ಬಿಎನ್ಎಸ್, ಬಿಎನ್ಎಸ್ಎಸ್ ಜಾರಿಗೆ ಬಂದದ್ದು 2024ರ ಜುಲೈ 1ರಿಂದ. ಹಳೆಯ ಐಪಿಸಿ ನೋಟ್ಸ್ ಇಟ್ಟುಕೊಂಡವರು ಸೆಕ್ಷನ್ ಸಂಖ್ಯೆಗಳನ್ನು ಜೋಡಿಸಿ ಓದಿಕೊಳ್ಳಬೇಕು.

ಸೇವೆಯ ದುರ್ಬಲ ಭಾಗ ಇರುವುದು ಪರೀಕ್ಷೆಯ ನಂತರ. ತಾತ್ಕಾಲಿಕ ಕೀ ಉತ್ತರ ತಪ್ಪಾಗಿದೆ ಎಂದು ಆಕ್ಷೇಪಿಸಲು ಒಂದೊಂದು ಪ್ರಶ್ನೆಗೂ 1000 ರೂಪಾಯಿ ಕಟ್ಟಿಸಿಕೊಂಡಿದ್ದಾರೆ. ಇದು ಅನ್ಯಾಯ. ತಪ್ಪು ತೋರಿಸುವ ಕೆಲಸಕ್ಕೆ ವಿದ್ಯಾರ್ಥಿ ಇಷ್ಟು ತೆರಬಾರದು. 2025ನೇ ಸಾಲಿನ (2024ರ ಡಿಸೆಂಬರಿನಲ್ಲಿ ನಡೆದ) ಪಿಜಿ ಪರೀಕ್ಷೆಯ ಕೀ ಉತ್ತರಗಳ ತಕರಾರು ದೆಹಲಿ ಹೈಕೋರ್ಟಿನ ತನಕ ಹೋಗಿ, ತೀರ್ಪು ಬರುವಷ್ಟರಲ್ಲಿ 2025ರ ಜೂನ್ ಆಗಿತ್ತು. ಕಾಯುತ್ತ ಕೂತವರ ಆರು ತಿಂಗಳು ಯಾರೂ ವಾಪಸ್ ಕೊಡುವುದಿಲ್ಲ.

ಕೌನ್ಸೆಲಿಂಗ್ ನೋಂದಣಿಗೆ ಮತ್ತೆ 30,000 ರೂಪಾಯಿ, ಮೀಸಲು ವರ್ಗಗಳಿಗೆ 20,000. ಸೀಟು ಸಿಕ್ಕರೆ ಇದನ್ನು ಕಾಲೇಜು ಶುಲ್ಕಕ್ಕೆ ಹೊಂದಿಸಿಕೊಳ್ಳುತ್ತಾರೆ. ಆದರೂ ಒಂದೇ ಗಳಿಗೆಯಲ್ಲಿ ಇಷ್ಟು ಹೊಂದಿಸುವುದು ಎಲ್ಲರ ಮನೆಯಲ್ಲೂ ಆಗದು, ಡಿಸೆಂಬರಿಗೆ ಮೊದಲೇ ತೆಗೆದಿಡಬೇಕು. ಮುಂದೆ ಮೂರು ಗುಂಡಿಗಳು: ಫ್ರೀಜ್ (ಸಿಕ್ಕ ಸೀಟೇ ಸಾಕು), ಫ್ಲೋಟ್ (ಇದನ್ನು ಇಟ್ಟುಕೊಂಡು ಇನ್ನೂ ಮೇಲಿನದಕ್ಕೆ ಕಾಯುವುದು), ಎಕ್ಸಿಟ್ (ಕೌನ್ಸೆಲಿಂಗ್‌ನಿಂದಲೇ ಹೊರಬರುವುದು). ಫ್ಲೋಟ್ ಒತ್ತಿದರೆ ಪಟ್ಟಿಯಲ್ಲಿ ಮೇಲಿರುವ ಕಾಲೇಜು ಸಿಕ್ಕಿದ ಕೂಡಲೇ ಕೈಲಿದ್ದ ಸೀಟು ತಾನಾಗಿಯೇ ಹೋಗುತ್ತದೆ, ಬೇಡ ಎನ್ನಲು ಅವಕಾಶವಿಲ್ಲ. ನಿಜವಾಗಿ ಹೋಗಿ ಸೇರುವ ಊರುಗಳನ್ನಷ್ಟೇ ಮೇಲೆ ಬರೆಯಿರಿ. ಫ್ರೀಜ್ ಇರಲಿ ಫ್ಲೋಟ್ ಇರಲಿ, ದೃಢೀಕರಣ ಶುಲ್ಕವನ್ನು ಗಡುವಿನೊಳಗೆ ಕಟ್ಟದಿದ್ದರೆ ಸೀಟು ರದ್ದು.

ಕ್ಲಾಟನ್ನೇ ನಂಬಿ ಕೂರದವರಿಗೆ ಪಕ್ಕದಲ್ಲೇ ಇನ್ನೊಂದು ಬಾಗಿಲಿದೆ. ಜ್ಞಾನಭಾರತಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಎಲ್‌ಎಲ್‌ಎಂ ಎರಡು ವರ್ಷದ್ದು, ಲಾ ಸ್ಕೂಲಿನದು ಒಂದೇ ವರ್ಷ. ವಿಶ್ವವಿದ್ಯಾಲಯದ್ದಕ್ಕೆ ಬೇರೆ ಅಧಿಸೂಚನೆ ಬರುತ್ತದೆ, ಕ್ಲಾಟ್ ಅಂಕ ಬೇಕಿಲ್ಲ. ಎರಡೂ ಕಡೆ ಹಾಕುವವರು ಪ್ರತಿ ವ್ಯಾಸಂಗ ಪ್ರಮಾಣಪತ್ರವನ್ನೂ ಶಾಲೆಯಿಂದ ಎರಡೆರಡು ಮೂಲ ಪ್ರತಿ ಬರೆಸಿಕೊಳ್ಳಿ. ಒಂದು ಕಡೆ ಸಲ್ಲಿಸಿದ ಮೂಲ ದಾಖಲೆಯನ್ನು ಬಿಡಿಸಿಕೊಂಡು ಬರುವಷ್ಟರಲ್ಲಿ ಇನ್ನೊಂದು ಕಡೆಯ ಗಡುವು ಮುಗಿದಿರುತ್ತದೆ.